ನಾಯಿ ಕಚ್ಚಿತೆಂದು ಮಾವ ಹೇಳಿದ್ದು

ಮೊಲ ಹಿಡಿಯಲೆಂದು ತಾನು ಸಾಕಿದ ಫೆರೆಟ್ಟು, ಆ ಮುಂಗುಸಿಯಂಥ ಪುಟ್ಟ ಪ್ರಾಣಿ, ತನ್ನನ್ನೇ ಕಚ್ಚಿತು ಎಂದು ಒಪ್ಪಿಕೊಳ್ಳುವುದು ನಮ್ಮೂರಿನ ಗಂಡಸಿಗೆ ಜೈಲಿಗೆ ಹೋಗಿ ಬಂದದ್ದಕ್ಕಿಂತ ದೊಡ್ಡ ಅವಮಾನ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಊರಿನ ಬೇರೆ ಹೆಮ್ಮೆಗಳೆಲ್ಲ ಹೋದವು, ಇದೊಂದು ಉಳಿಯಿತು. ಕಚ್ಚಿಸಿಕೊಂಡವನು ಅಂದರೆ ಕೈ ನಡುಗಿದವನು. ಕೈ ನಡುಗುವವನ ಜೊತೆ ಮೊಲ ಹಿಡಿಯಲು ಯಾರೂ ಗುಡ್ಡ ಹತ್ತುವುದಿಲ್ಲ, ಅವನ ಪಕ್ಕದಲ್ಲಿ ಕೂತು ಬಿಯರ್ ಕುಡಿಯುವುದಕ್ಕೂ ಹಿಂದೆಮುಂದೆ ನೋಡುತ್ತಾರೆ.

ನನ್ನ ಮಾವ ಸೆಲ್ವಿನ್ ಓಲ್ಡ್‌ರಾಯ್ಡ್ ಕಾರ್ಮಿಕರ ಕ್ಲಬ್ಬಿನಲ್ಲಿ, ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮೂವತ್ತು ವರ್ಷಗಳಿಂದ ಒಂದೇ ಮಾತು ಹೇಳುತ್ತ ಬಂದಿದ್ದರು: "ನನ್ನ ಕಚ್ಚೋ ಫೆರೆಟ್ಟು ಇನ್ನೂ ಹುಟ್ಟಿಲ್ಲ." ಮಾತು ನಿಜವೇ. ಕಚ್ಚಬೇಕಾದರೆ ಮೊದಲು ಅವರು ಒಂದನ್ನಾದರೂ ಮುಟ್ಟಬೇಕಿತ್ತು.

ಮುಟ್ಟುತ್ತಿದ್ದವನು ಅವರ ಮಗ ಡ್ಯಾರೆನ್, ನನ್ನ ಗಂಡ. ಅವನು ಫೆರೆಟ್ಟನ್ನು ಮೊಲದ ಬಿಲದೊಳಕ್ಕೆ ಬಿಡುತ್ತಿದ್ದ, ಮೊಲ ಹೆದರಿ ಹೊರಕ್ಕೆ ಹಾರುತ್ತಿತ್ತು, ಬಿಲದ ಬಾಯಲ್ಲಿ ನಿಂತ ನೆಲ್ ಅದನ್ನು ಹಿಡಿಯುತ್ತಿದ್ದಳು. ನೆಲ್ ನಮ್ಮ ನಾಯಿ; ಉದ್ದ ಕಾಲಿನ, ಬೂದು ಬಣ್ಣದ ಬೇಟೆ ನಾಯಿ. ಮಾವ ಕೆಳಗೆ ರಸ್ತೆಯಲ್ಲಿ ನಿಂತು ಪೈಪು ಸೇದುತ್ತಿದ್ದರು. ಸಂಜೆ ಕ್ಲಬ್ಬಿನಲ್ಲಿ ಕಥೆ ಹೇಳುತ್ತಿದ್ದವರು ಮಾತ್ರ ಮಾವ. ಡ್ಯಾರೆನ್ ಪಕ್ಕದಲ್ಲಿ ಕೂತು, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

ಡ್ಯಾರೆನ್ ಆಗಸ್ಟಿನಲ್ಲಿ ಕಲ್ಲುಕ್ವಾರಿಯಲ್ಲಿ ತೀರಿಕೊಂಡ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಅವನನ್ನು ಮಣ್ಣು ಮಾಡಿದ ದಿನವೇ ಅವನ ಎರಡು ಫೆರೆಟ್ಟುಗಳೂ ತಪ್ಪಿಸಿಕೊಂಡು ಹೋದವು. ಮಾವ ಅವಕ್ಕೆ ಊಟ ಹಾಕಲು ಹೋಗಿದ್ದವರು ಗೂಡಿಗೆ ಚಿಲಕ ಹಾಕುವುದನ್ನು ಮರೆತಿದ್ದರು. ಕ್ಲಬ್ಬಿನಲ್ಲಿ ಮಾತ್ರ, "ಯಜಮಾನನ ಹಿಂದೇನೇ ಹೊರಟುಬಿಟ್ವು," ಎಂದರು. ಕೇಳಿದವರು ಟೊಪ್ಪಿ ತೆಗೆದರು.

ನೆಲ್ ತಿನ್ನುವುದು ಬಿಟ್ಟಳು. ನವೆಂಬರ್ ಹೊತ್ತಿಗೆ ಅವಳ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಪಶುವೈದ್ಯರು ಬಂದು, ಕಾಯಿಲೆಯೇನೂ ಇಲ್ಲ, ಇದು ದುಡಿಯುವ ನಾಯಿ, ಮತ್ತೆ ಗುಡ್ಡಕ್ಕೆ ಹೋದರೆ ತಿಂದೀತು, ಇಲ್ಲದಿದ್ದರೆ ಕ್ರಿಸ್‌ಮಸ್ ಕಾಣುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡು ಹೋದರು.

"ಅಷ್ಟೇ ತಾನೆ?" ಎಂದರು ಮಾವ. "ಫೆರೆಟ್ಟು ತರ್ತೀನಿ."

"ಯಾರು ಹಿಡೀತಾರೆ ಮಾವ ಅದನ್ನ?"

"ಯಾರು ಅಂದ್ರೆ? ನಾನು!"

ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಒಂದು ಸುಳ್ಳನ್ನು ಮೂವತ್ತು ವರ್ಷ ಹೇಳಿದವನು ಅದನ್ನು ಕೇಳಿದವರಲ್ಲೂ ಒಬ್ಬನಾಗಿರುತ್ತಾನೆ.

ಫೆರೆಟ್ಟು ಕೊಟ್ಟವನು ಈನಾಕ್ ಕ್ಲೆಗ್. ಊರಾಚೆ ತರಕಾರಿ ತೋಟದ ಗುಡಿಸಲಿನಲ್ಲಿ ಸಾಕುತ್ತಾನೆ, ಈ ವಿಷಯದಲ್ಲಿ ಊರಿಗೆಲ್ಲ ಅವನ ಮಾತೇ ಕೊನೆ. ಮುಂಗುಸಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಅದ್ದಿ ತೆಗೆದಂಥ ಒಂದು ಬಿಳಿ ಪ್ರಾಣಿಯನ್ನು ಮರದ ಪೆಟ್ಟಿಗೆಗೆ ಹಾಕಿಕೊಟ್ಟ. ಅದರ ಹೆಸರು ಪರ್ಲ್.

"ಇದನ್ನ ಯಾರೂ ಕೈಯಲ್ಲಿ ಹಿಡಿದು ಪಳಗಿಸಿಲ್ಲ, ಸೆಲ್ವಿನ್. ಬೇರೆಯವ್ರು ಕೇಳಿದ್ರೆ ಕೊಡ್ತಿರ್ಲಿಲ್ಲ. ನಿನ್ನ ಕೈ ಅಂತ ಕೊಡ್ತಿದೀನಿ."

"ಒಳ್ಳೇದಾಯ್ತು," ಎಂದರು ಮಾವ. ಪೆಟ್ಟಿಗೆಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡರು.

"ಪರಿಚಯ ಮಾತ್ರ ಸರಿಯಾಗಿ ಮಾಡ್ಸು. ನೆಲ್‌ಗೆ ತನ್ನ ಫೆರೆಟ್ಟು ಯಾವುದು ಅಂತ ಗೊತ್ತು. ಹೊಸದು ಅಂದ್ರೆ ಅವಳ ಲೆಕ್ಕದಲ್ಲಿ ಮೊಲಾನೇ."

"ನಂಗೇ ಹೇಳ್ಕೊಡ್ತೀಯಾ?"

"ಅಯ್ಯೋ, ತಪ್ಪಾಯ್ತು ಮಾರಾಯ," ಎಂದ ಈನಾಕ್.

ಪರಿಚಯ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಮಾವ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಿದ್ದರು. ನೆಲ್ ಒಲೆಯ ಮುಂದೆ ಮಲಗಿದ್ದಳು. ನಾನು ಅವಳ ಕುತ್ತಿಗೆಪಟ್ಟಿ ಹಿಡಿದುಕೊಂಡೆ. ಮಾವ ಪೆಟ್ಟಿಗೆಯಿಂದ ಪರ್ಲ್‌ಳನ್ನು ಎತ್ತಿ, ಬೀಗರನ್ನು ಪರಿಚಯಿಸುವವರ ಹಾಗೆ ಗಂಟಲು ಸರಿಮಾಡಿಕೊಂಡು, "ನೆಲ್, ಇವಳು ಪರ್ಲ್," ಎಂದರು.

ನೆಲ್ ಒಮ್ಮೆ ಮೂಸಿದಳು. ನಿಟ್ಟುಸಿರು ಬಿಟ್ಟು ಮುಖ ಗೋಡೆಯ ಕಡೆ ತಿರುಗಿಸಿದಳು.

"ನೋಡಿದ್ಯಾ!" ಎಂದು ಮಾವ ನನ್ನ ಕಡೆ ತಿರುಗಿದರು. ಆಗ ಪರ್ಲ್ ಅವರ ಹೆಬ್ಬೆರಳು ಕಚ್ಚಿತು.

ಫೆರೆಟ್ಟು ಕಚ್ಚಿ ಬಿಡುವುದಿಲ್ಲ. ಕಚ್ಚಿ ನೇತಾಡುತ್ತದೆ. ಮಾವ ಕೂಗಲಿಲ್ಲ, ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೆ. ಬಾಯಿ ಬಿಗಿಹಿಡಿದು ಅಡುಗೆಮನೆಯಲ್ಲಿ ಗರಗರ ಸುತ್ತಿದರು, ಪರ್ಲ್ ಅವರ ಜೊತೆ ಸುತ್ತಿತು. ಕೊನೆಗೆ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದಾಗ ಬಿಟ್ಟಿತು. ನೆಲ್ ತಿರುಗಿಯೂ ನೋಡಲಿಲ್ಲ.

ಗಾಳಿಗೆಂದು ಹಿತ್ತಲಿಗೆ ಹೋದವರು ಪಕ್ಕದ ಮನೆಯ ಬೆರಿಲ್ ಕೈಗೆ ಸಿಕ್ಕಿದರು. ಬೆರಿಲ್ ಬಟ್ಟೆ ಒಣಹಾಕುವುದು ಬಟ್ಟೆ ಒಣಗಲೆಂದಲ್ಲ.

"ಏನಯ್ಯಾ ಸೆಲ್ವಿನ್, ಕೈಯಿಂದ ರಕ್ತ ತೊಟ್ಟಿಕ್ತಿದೆ! ಏನು ಕಚ್ತು?"

ಮಾವ ಒಳಗಿದ್ದ ಪೆಟ್ಟಿಗೆಯ ಕಡೆ ನೋಡಿದರು. ಬೀದಿಯ ತುದಿಯಲ್ಲಿದ್ದ ಕ್ಲಬ್ಬಿನ ಕಡೆ ನೋಡಿದರು.

"ನಾಯಿ," ಎಂದರು.

"ಡ್ಯಾರೆನ್ ನಾಯೀನಾ? ಆ ಸಾಧು ಪ್ರಾಣೀನಾ?"

"ದುಃಖ, ಬೆರಿಲ್. ದುಃಖ ನಾಯೀನೂ ಬಿಡಲ್ಲ."

ಈ ಮಾತು ಅವರಿಗೇ ಬಹಳ ಹಿಡಿಸಿತು. ಬೆರಿಲ್‌ಗೂ ಹಿಡಿಸಿತು. ಸಂಜೆಯೊಳಗೆ ಊರಿಗೆಲ್ಲ ಹಿಡಿಸಿತ್ತು.

ಮಾವ ಸೋಲೊಪ್ಪುವವರಲ್ಲ. ಡ್ಯಾರೆನ್ ಫೆರೆಟ್ಟನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದುದು ನೆನಪಿತ್ತು, ಹೆಗಲ ಮೇಲೆ ಕೂರಿಸಿಕೊಂಡರು. ಪರ್ಲ್ ಕಿವಿ ಕಚ್ಚಿತು. ಆಸ್ಪತ್ರೆಯ ನರ್ಸ್, "ಯಾವುದು ಕಚ್ಚಿದ್ದು?" ಎಂದು ಕೇಳಿದಳು.

"ನಾಯಿ."

"ಕಿವಿಯ ತನಕ ಹೇಗೆ ಬಂತು?"

"ಹಾರ್ತು ಕಣಮ್ಮ."

ಅದಾದ ಮೇಲೆ ಒಂದು ದಿನ, ಪರ್ಲ್ ಮಲಗಿದೆಯೋ ಇಲ್ಲವೋ ನೋಡೋಣವೆಂದು ಪೆಟ್ಟಿಗೆಯ ತೂತಿಗೆ ಮೂಗಿಟ್ಟರು. ಮಲಗಿರಲಿಲ್ಲ. ಈ ಸಲ ನರ್ಸ್ ಏನೂ ಕೇಳಲಿಲ್ಲ. "ಆ ನಾಯೀನ ಇನ್ನೂ ಮನೇಲಿ ಇಟ್ಕೊಂಡಿದೀರಾ?" ಎಂದಷ್ಟೇ ಹೇಳಿ ಇಂಜೆಕ್ಷನ್ ಚುಚ್ಚಿದಳು.

ಊರು ಬದಲಾಯಿತು. ಅಂಚೆಯವನು ನಮ್ಮ ಕಾಗದಗಳನ್ನು ಬೆರಿಲ್ ಮನೆಯಲ್ಲಿ ಕೊಡತೊಡಗಿದ. ಚರ್ಚಿನ ಹೆಂಗಸರು ನನಗೆಂದು ತಂದ, ಮಾಂಸ ತುಂಬಿ ಬೇಯಿಸಿದ ಪೈಯನ್ನು ಗೇಟಿನ ಮೇಲಿಟ್ಟು ಓಡಿದರು. ನೆಲ್ ಕಿಟಕಿಯ ಹತ್ತಿರ ಮಲಗಿರುತ್ತಿದ್ದಳು, ಏಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಹೋಗಿಬರುವವರು, "ಹೊಂಚು ಹಾಕ್ತಿದೆ ನೋಡು," ಎನ್ನುತ್ತ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು.

ನಾನು ಬೆರಿಲ್ ಮನೆಗೆ ಹೋಗಿ ಹೇಳಿದೆ. "ನಾಯಿ ಕಚ್ಚಿಲ್ಲ, ಬೆರಿಲಮ್ಮ. ಫೆರೆಟ್ಟು ಕಚ್ಚಿದ್ದು. ನಾನು ಅಲ್ಲೇ ಇದ್ದೆ."

ಬೆರಿಲ್ ನನ್ನನ್ನು ತಬ್ಬಿಕೊಂಡಳು. "ಗೊತ್ತು ಕಂದ. ಡ್ಯಾರೆನ್ ನಾಯಿ ಅಲ್ವಾ. ನಿಂಗೆ ಹಾಗೇ ಕಾಣ್ಸತ್ತೆ."

"ಕಾಣ್ಸೋದಲ್ಲ. ಕಂಡಿದ್ದು."

"ಹೂಂ ಹೂಂ. ಅಳು ಬಂದ್ರೆ ಅತ್ತುಬಿಡು."

ಅಳು ಬರಲಿಲ್ಲ. ಮನೆಗೆ ಬಂದೆ.

"ಮಾವ, ಹೇಳಿಬಿಡಿ."

"ಹೇಳ್ತೀನಿ ಹುಡುಗಿ. ಇದೇ ಶುಕ್ರವಾರ. ಎಲ್ರೂ ಸೇರಿರ್ತಾರೆ, ಒಂದೇ ಸಲ ಹೇಳಿ ಮುಗಿಸ್ತೀನಿ."

ಶುಕ್ರವಾರ ಹೋದರು. ಬಂದಾಗ ಕಾಲು ನೆಲದ ಮೇಲೆ ಸರಿಯಾಗಿ ನಿಲ್ಲುತ್ತಿರಲಿಲ್ಲ.

"ಹೇಳಿದ್ರಾ?"

"ಬಾಯಿ ತೆಗ್ದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಆರ್ನಲ್ಡ್ ಎದ್ದು ನಿಂತು, ಹುಚ್ಚು ನಾಯಿ ಜೊತೆ ಒಂದೇ ಸೂರಿನಡಿ ಇದ್ದು ಸೊಸೇನ ಕಾಯ್ತಿರೋ ಸೆಲ್ವಿನ್ ಹೆಸರಲ್ಲಿ ಅಂತ ಗ್ಲಾಸು ಎತ್ತಿಬಿಟ್ಟ. ಎಲ್ರೂ ಎತ್ತಿದ್ರು. ಎತ್ತಿದ ಗ್ಲಾಸು ಇಳ್ಸಿ ಅನ್ನೋಕಾಗತ್ತಾ?"

ಸೋಮವಾರ ಕೌನ್ಸಿಲ್‌ನಿಂದ ನಾಯಿ ಇನ್ಸ್‌ಪೆಕ್ಟರ್ ಬಂದರು. ಮಿಸ್ಟರ್ ಗಾಂಟ್. ಸಾವಿನ ಮನೆಗೆ ಬಂದವರ ಹಾಗೆ ಟೊಪ್ಪಿಯನ್ನು ಎದೆಗೆ ಹಿಡಿದು ಮಾತಾಡುವ ಮನುಷ್ಯ. ನರ್ಸ್ ದೂರು ಕೊಟ್ಟಿದ್ದಳು, ಬೆರಿಲ್ ದೂರು ಕೊಟ್ಟಿದ್ದಳು, ಅಂಚೆಯವನೂ ಕೊಟ್ಟಿದ್ದ.

"ಮೂರು ಸಲ ಕಚ್ಚಿದ ನಾಯೀನ ಊರೊಳಗೆ ಬಿಡೋಹಾಗಿಲ್ಲ, ಮೇಡಂ. ಗುರುವಾರ ವ್ಯಾನು ತರ್ತೀನಿ. ನೋವಾಗಲ್ಲ. ಒಂದು ಸೂಜಿ, ಅಷ್ಟೇ."

"ಅದು ಕಚ್ಚಿಲ್ಲ."

"ಎಲ್ರೂ ಹಾಗೇ ಹೇಳ್ತಾರೆ, ಮೇಡಂ," ಎಂದು ಅವರು ಬಹಳ ಮೃದುವಾಗಿ ಹೇಳಿದರು.

ಮಾವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖ ಮೂಗಿನ ಮೇಲಿನ ಪಟ್ಟಿಯಷ್ಟೇ ಬೆಳ್ಳಗಾಗಿತ್ತು.

ಆದರೂ ನಿಜ ಹೇಳಲಿಲ್ಲ. ಅವರಿಗೊಂದು ಉಪಾಯ ಹೊಳೆಯಿತು. ನಾಯಿ ಎಷ್ಟು ಸಾಧು ಎಂದು ಊರು ಕಣ್ಣಾರೆ ನೋಡಿದರೆ ಸಾಕಲ್ಲ! ಹಿತ್ತಲಿನಲ್ಲಿ, ಬೆರಿಲ್‌ಗೆ ಕಾಣುವ ಜಾಗದಲ್ಲಿ, ಒಂದೇ ಬಟ್ಟಲಿಗೆ ಹಾಲು ಹುಯ್ದು ನೆಲ್‌ಳನ್ನೂ ಪರ್ಲ್‌ಳನ್ನೂ ಬಿಟ್ಟರು. ನೆಲ್ ಹಾಲು ಮುಟ್ಟಲಿಲ್ಲ. ಪರ್ಲ್ ಬಟ್ಟಲು ಖಾಲಿ ಮಾಡಿ, ನೆಲ್‌ಳ ಹೊಟ್ಟೆಯಡಿ ನುಸುಳಿ, ಮುದುಡಿಕೊಂಡು ಮಲಗಿತು. ನೆಲ್ ಅದರ ನೆತ್ತಿಯನ್ನು ಒಮ್ಮೆ ನೆಕ್ಕಿದಳು. ಇಷ್ಟು ಚಂದದ ಪರಿಚಯ ಊರಿನಲ್ಲಿ ಯಾವ ಫೆರೆಟ್ಟಿಗೂ ಆಗಿರಲಿಕ್ಕಿಲ್ಲ. ಅದಕ್ಕೆ ಪರಿಚಯ ಮಾಡಿಸುವವರು ಮಾತ್ರ ಇಬ್ಬರಿಗೂ ಬೇಕಾಗಿರಲಿಲ್ಲ.

"ನೋಡು ಬೆರಿಲ್! ನೋಡು!" ಎಂದು ಮಾವ ಕೂಗಿದರು.

ಬೆರಿಲ್ ಗೋಡೆಯ ಮೇಲಿಂದ ಇಣುಕಿದಳು. "ಅಯ್ಯೋ ಪಾಪ, ಆ ಬಿಳೀದನ್ನ ಅದರ ಬಾಯಿಗ್ಯಾಕೆ ಕೊಟ್ರಿ? ಎತ್ಕೊಳ್ರೋ ಯಾರಾದ್ರೂ!"

ಗುರುವಾರ ವ್ಯಾನು ಬಂತು. ಜನರೂ ಬಂದರು. ಕ್ಲಬ್ಬಿನವರು ಕಪ್ಪು ಟೈ ಕಟ್ಟಿಕೊಂಡು ಗೇಟಿನಾಚೆ ಸಾಲಾಗಿ ನಿಂತಿದ್ದರು, ಆಗಸ್ಟಿನ ಶವಯಾತ್ರೆಗೆ ನಿಂತ ಹಾಗೆಯೇ. ಡ್ಯಾರೆನ್‌ನ ನಾಯಿಗೆ ಅಷ್ಟು ಮರ್ಯಾದೆ ಸಲ್ಲಬೇಕು ಎಂದು ಈನಾಕ್ ತೀರ್ಮಾನಿಸಿದ್ದನಂತೆ. ಮಿಸ್ಟರ್ ಗಾಂಟ್ ತುದಿಗೆ ಕುಣಿಕೆಯಿದ್ದ ಕೋಲು ಹಿಡಿದು ಒಳಬಂದರು.

"ನಿಲ್ಲಿ," ಎಂದರು ಮಾವ.

ಎಲ್ಲರೂ ನಿಂತರು.

"ನಾಯಿ ಕಚ್ಚಿಲ್ಲ. ಮೂರು ಸಲಾನೂ ಫೆರೆಟ್ಟು ಕಚ್ಚಿದ್ದು. ನನ್ನನ್ನ. ಈ ಸೆಲ್ವಿನ್ ಓಲ್ಡ್‌ರಾಯ್ಡ್‌ನ."

ಈನಾಕ್ ಟೊಪ್ಪಿ ತೆಗೆದ. ಅವನ ಕಣ್ಣು ಒದ್ದೆಯಾಗಿತ್ತು.

"ನೋಡ್ರಪ್ಪ. ಮಗನ ನಾಯಿ ಉಳಿಸೋಕೆ ತನ್ನ ಮಾನಾನೇ ಬೀದಿಗಿಡ್ತಿದಾನೆ."

"ಸುಳ್ಳಲ್ಲ ಕಣ್ರೋ! ನಿಜವಾಗ್ಲೂ ಕಚ್ತು!"

"ಬಿಡು ಸೆಲ್ವಿನ್," ಎಂದ ಆರ್ನಲ್ಡ್. "ನಿನ್ನ ಕೈ ನಮಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಕೇಳ್ತಿದೀವಿ."

"ಆ ಮೂವತ್ತು ವರ್ಷಾನೂ ಸುಳ್ಳೇ!"

"ದೊಡ್ಡ ಮನುಷ್ಯ," ಎಂದು ಯಾರೋ ಹಿಂದಿನಿಂದ ಹೇಳಿದರು. ಬೆರಿಲ್ ಮೂಗು ಸೀಟಿದಳು.

ಮಾವ ಒಳಗೆ ಓಡಿ ಪೆಟ್ಟಿಗೆ ಹೊತ್ತು ತಂದರು. ಎಲ್ಲರೆದುರಿಗೆ ಮುಚ್ಚಳ ತೆಗೆದು ಕೈ ತುರುಕಿದರು. ಪರ್ಲ್ ಬೆಳಗಿನ ಹಾಲು ಕುಡಿದಿತ್ತು. ಅವರ ಬೆರಳನ್ನು ನೆಕ್ಕಿತು.

"ಕಚ್ಚು!" ಎಂದರು ಮಾವ.

ಪರ್ಲ್ ಆಕಳಿಸಿತು.

"ಕಚ್ಚೇ ದರಿದ್ರದೇ! ಇಷ್ಟು ದಿನ ಕಚ್ಲಿಲ್ವಾ? ತಗೋ, ಮೂಗು ತಗೋ! ಕಿವಿ ತಗೋ! ಇದೊಂದು ಸಲ ಕಚ್ಚು ತಾಯಿ, ಆಮೇಲೆ ಬೇಡ!"

ಪರ್ಲ್ ಅವರ ಅಂಗೈಯಲ್ಲಿ ಸುತ್ತಿಕೊಂಡು ಕಣ್ಣು ಮುಚ್ಚಿತು.

"ಆಹಾ, ಏನು ಕೈ," ಎಂದ ಈನಾಕ್ ಮೆಲ್ಲಗೆ. "ಪಳಗದೇ ಇರೋ ಫೆರೆಟ್ಟು ಅದು. ನೋಡ್ರೋ, ಕಲಿತ್ಕೊಳ್ರೋ."

ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮಿಸ್ಟರ್ ಗಾಂಟ್ ವ್ಯಾನಿನ ಹಿಂಬಾಗಿಲು ತೆಗೆದಿಟ್ಟು ಬಂದು, "ಸಾರಿ ಮೇಡಂ," ಎಂದು ಕುಣಿಕೆ ಮುಂದೆ ಮಾಡಿದರು.

ಅದರ ಅಗತ್ಯ ಬೀಳಲಿಲ್ಲ. ಬಾಗಿಲು ತೆಗೆದ ಸದ್ದು ಕೇಳಿ ನೆಲ್ ತಾನಾಗಿ ಎದ್ದಳು. ಕಿವಿ ನಿಮಿರಿತು. ಜನರ ಕಾಲುಗಳ ನಡುವೆ ತೂರಿ, ಅಷ್ಟು ದಿನ ಮೆಟ್ಟಿಲಿಳಿಯಲೂ ಆಗದವಳು, ಒಂದೇ ನೆಗೆತಕ್ಕೆ ವ್ಯಾನು ಹತ್ತಿ ಕೂತಳು. ಬಾಲ ಅಲ್ಲಾಡುತ್ತಿತ್ತು. ಆಗಸ್ಟಿನಿಂದ ಅಲ್ಲಾಡಿರಲಿಲ್ಲ.

ಬೆಳಗಿನ ಹೊತ್ತು ವ್ಯಾನಿನ ಹಿಂಬಾಗಿಲು ತೆಗೆದರೆ, ಡ್ಯಾರೆನ್ ಕಾಲದಿಂದ, ಅದರ ಅರ್ಥ ಅವಳಿಗೆ ಒಂದೇ: ಗುಡ್ಡಕ್ಕೆ ಹೊರಟಿದ್ದೇವೆ. ಯಾರ ವ್ಯಾನು, ಯಾಕೆ ಬಂದಿದೆ ಎಂದು ಅವಳಿಗೆ ಯಾರು ಹೇಳಬೇಕು?

ಕ್ಲಬ್ಬಿನವರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ನೆಲ್ ವ್ಯಾನಿನೊಳಗಿಂದ ನಮ್ಮನ್ನು ನೋಡಿ ಸಣ್ಣಗೆ ಕುಂಯ್‌ಗುಟ್ಟಿದಳು.

"ಪೆಟ್ಟಿಗೆಗೆ ಕಾಯ್ತಿದಾಳೆ," ಎಂದ ಈನಾಕ್. "ಫೆರೆಟ್ಟಿನ ಪೆಟ್ಟಿಗೆ ಇನ್ನೂ ಹತ್ಸಿಲ್ವಲ್ಲ, ಅದಕ್ಕೆ."

ಮಾವ ಎದ್ದರು. ಪರ್ಲ್‌ಳನ್ನು ಪೆಟ್ಟಿಗೆಗೆ ಹಾಕಿ, ಅದನ್ನು ಹೊತ್ತೊಯ್ದು ನೆಲ್‌ಳ ಪಕ್ಕದಲ್ಲಿಟ್ಟರು. ನೆಲ್ ಪೆಟ್ಟಿಗೆಯ ಮೇಲೆ ಗದ್ದ ಊರಿದಳು.

"ಅದನ್ನ ಇಡೋಹಾಗಿಲ್ಲ, ಸಾರ್," ಎಂದರು ಮಿಸ್ಟರ್ ಗಾಂಟ್. "ನಾಯಿ ಮಾತ್ರ." ಪೆಟ್ಟಿಗೆಯನ್ನು ವಾಪಸು ಎಳೆದುಕೊಳ್ಳಲು ಕೈ ಚಾಚಿದರು. ಮಾವ ಮುಚ್ಚಳಕ್ಕೆ ಕೊಕ್ಕೆ ಹಾಕಿರಲಿಲ್ಲ. ಇನ್ಸ್‌ಪೆಕ್ಟರ ಬೆರಳು ಅದರೊಳಕ್ಕೆ ಹೋಯಿತು.

ಅವರು ಮಾವನ ಹಾಗೆ ಬಾಯಿ ಬಿಗಿಹಿಡಿಯಲಿಲ್ಲ. ಅವರಿಗೆ ಕ್ಲಬ್ಬಿರಲಿಲ್ಲ. ಆ ಕೂಗಿಗೆ ಬೀದಿಯ ತುದಿಯ ಮನೆಗಳ ಬಾಗಿಲೂ ತೆರೆದವು. ಕೈ ಕೊಡವಿದಷ್ಟೂ ಪರ್ಲ್ ಬಾವುಟದ ಹಾಗೆ ಹಾರಾಡಿತು, ಬಿಡಲಿಲ್ಲ. "ನಾಯಿ! ನಾಯಿ ಹಿಡೀರಿ!" ಎಂದು ಅವರು ಅಭ್ಯಾಸಬಲದಿಂದ ಕೂಗುತ್ತಿದ್ದರು. ನಾಯಿ ಅವರಿಂದ ಒಂದು ಗೇಣು ದೂರದಲ್ಲಿ ಕೂತು, ಯಾವಾಗ ಹೊರಡುತ್ತೀರಿ ಎಂಬಂತೆ ನೋಡುತ್ತಿತ್ತು.

ಈನಾಕ್ ಹೋಗಿ ಪರ್ಲ್‌ಳ ಹಣೆಯ ಮೇಲೆ ಹೆಬ್ಬೆರಳು ಒತ್ತಿ ಬಿಡಿಸಿದ. ಆಮೇಲೆ ಇನ್ಸ್‌ಪೆಕ್ಟರ ಕೈಯನ್ನು ಬೆಳಕಿಗೆ ಹಿಡಿದ. ಸೂಜಿಯಲ್ಲಿ ಚುಚ್ಚಿದಂಥ ನಾಲ್ಕು ಸಣ್ಣ ತೂತು. ಬಹಳ ಹೊತ್ತು ನೋಡಿದ.

"ಸೆಲ್ವಿನ್," ಎಂದ. "ಸ್ವಲ್ಪ ನಿನ್ನ ಮೂಗು ಇತ್ತ ತಾ."

ಮಾವ ಪಟ್ಟಿ ಕಿತ್ತು ಮೂಗು ಕೊಟ್ಟರು. ಕಿವಿ ಕೊಟ್ಟರು. ಹೆಬ್ಬೆರಳು ಕೊಟ್ಟರು. ಕ್ಲಬ್ಬಿನವರೆಲ್ಲ ಒಬ್ಬರ ಹಿಂದೊಬ್ಬರು ಬಂದು ಬಗ್ಗಿ ನೋಡಿದರು. ಮಾವ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬೆರಿಲ್ ತಂದುಕೊಟ್ಟ ಪಾತ್ರೆ ಒರೆಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಮಿಸ್ಟರ್ ಗಾಂಟ್, "ನಾಯೀನ ಇಳಿಸ್ಕೊಳ್ಳಿ, ನಾನು ಹೋಗ್ತೀನಿ," ಎಂದರು.

ನಾಯಿ ಇಳಿಯಲಿಲ್ಲ. ನಾನು ಕರೆದೆ, ಮಾವ ಕರೆದರು. ನೆಲ್ ಪೆಟ್ಟಿಗೆಗೆ ಒರಗಿ ಕೂತೇ ಇದ್ದಳು.

"ಅವಳನ್ನ ಇಳಿಸೋ ಜಾಗ ಇದಲ್ಲ," ಎಂದ ಈನಾಕ್. ಪರ್ಲ್‌ಳನ್ನು ಪೆಟ್ಟಿಗೆಗೆ ಹಾಕಿ ಕೊಕ್ಕೆ ಬಿಗಿದು, ಚಾಲಕನ ಜಾಗದಲ್ಲಿ ಹೋಗಿ ಕೂತ. "ಹೇಗೂ ಆ ಕೈಯಲ್ಲಿ ನಿಮಗೆ ಗಾಡಿ ಓಡ್ಸೋಕಾಗಲ್ಲ, ಸಾರ್. ಹತ್ತಿ."

ಹೀಗೆ ಅವಳನ್ನು ಕೊಲ್ಲಲು ಬಂದ ವ್ಯಾನಿನಲ್ಲೇ ನಾವು ಗುಡ್ಡಕ್ಕೆ ಹೋದೆವು. ಕಪ್ಪು ಟೈ ಕಟ್ಟಿದವರು ಆರ್ನಲ್ಡ್‌ನ ಕಾರಿನಲ್ಲೂ ಇನ್ನೊಂದರಲ್ಲೂ ತುಂಬಿಕೊಂಡು ಹಿಂದೆ ಬಂದರು. ದಾರಿಯಲ್ಲಿ ಹೋಗುವವರು ನಿಂತು ತಲೆಬಾಗಿದರು.

ಈನಾಕ್ ಪರ್ಲ್‌ಳನ್ನು ಬಿಲಕ್ಕೆ ಬಿಟ್ಟ. ನೆಲ್ ಬಿಲದ ಬಾಯಿಯ ಪಕ್ಕದಲ್ಲಿ ಒಂದು ಮುಂಗಾಲೆತ್ತಿ ನಿಂತಳು. ಅವಳ ಎಲುಬುಗಳ ಮೇಲೆ ಚರ್ಮ ನಡುಗುತ್ತಿತ್ತು. ನೆಲದಡಿ ದಡದಡ ಸದ್ದಾಯಿತು, ಮೊಲ ಹೊರಕ್ಕೆ ಹಾರಿತು, ನೆಲ್ ಹಾರಿದಳು. ಮೊಲಕ್ಕೆ ಹಲ್ಲು ತಾಗಿಸದೆ, ಜೀವಂತ ಹಿಡಿದು ತಂದಳು. ಡ್ಯಾರೆನ್ ಹಾಗೇ ಕಲಿಸಿದ್ದ.

ತಂದವಳು ಯಾರಿಗೂ ಕೊಡಲಿಲ್ಲ. ಈನಾಕ್ ಕೈ ಚಾಚಿದ, ದಾಟಿ ಹೋದಳು. ನನ್ನನ್ನೂ ದಾಟಿ ಹೋದಳು. ವ್ಯಾನಿನ ಮುಂದಿನ ಬಾಗಿಲ ಹತ್ತಿರ ನಿಂತು ಒಳಗೆ ನೋಡಿದಳು. ಅಲ್ಲಿ ಮಿಸ್ಟರ್ ಗಾಂಟ್ ಕೈ ಹಿಡಿದುಕೊಂಡು ಕೂತಿದ್ದರು. ಬಾಯಲ್ಲಿ ಮೊಲ ಒದ್ದಾಡುತ್ತಿರಲು ವ್ಯಾನನ್ನು ಒಂದು ಸುತ್ತು ಹಾಕಿದಳು.

ಮಾವ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದರು.

"ಇಲ್ಲಿ ಕೊಡು, ನೆಲ್," ಎಂದರು. "ಈಗ ನಾನೇ ಇರೋದು."

ನೆಲ್ ನಿಂತು ನೋಡಿದಳು. ಕೊನೆಗೆ ಬಂದು, ಬೇರೆ ಗತಿಯಿಲ್ಲವೆಂಬಂತೆ ಮೊಲವನ್ನು ಅವರ ಕೈಯಲ್ಲಿಟ್ಟಳು.

ಅದರ ಕುತ್ತಿಗೆಯನ್ನು ಒಂದು ಸಲ ತಿರುವಬೇಕು. ಡ್ಯಾರೆನ್‌ಗೆ ಅದು ಅರೆಗಳಿಗೆಯ ಕೆಲಸ. ಮಾವ ಮೊಲವನ್ನು ನೋಡಿದರು, ಮೊಲ ಮಾವನನ್ನು ನೋಡಿತು. ಗಾಯದ ಹೆಬ್ಬೆರಳಿನಿಂದ ಅದು ಜಾರಿತೋ ಅವರೇ ಕೈಬಿಟ್ಟರೋ, ಹತ್ತಿರವಿದ್ದ ನನಗೆ ಗೊತ್ತು. ಮೊಲ ಬಾಲ ಎತ್ತಿಕೊಂಡು ಗುಡ್ಡ ದಾಟಿ ಹೋಯಿತು.

ತಿರುಗಿ ನೋಡಿದೆ. ಕ್ಲಬ್ಬಿನವರೆಲ್ಲ ನಮಗೆ ಬೆನ್ನು ಹಾಕಿ, ಆಚೆಯ ಕೆರೆಯ ಮೇಲಿನ ಮೋಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ನೆಲ್ ಮಾತ್ರ ಮಾವನನ್ನು ನೇರವಾಗಿ ನೋಡಿದಳು. ಆಮೇಲೆ ಬಿಲದ ಬಾಯಿಗೆ ಹೋಗಿ ಮತ್ತೆ ಒಂದು ಕಾಲೆತ್ತಿ ನಿಂತಳು. ಆರ್ನಲ್ಡ್ ಕೋಟಿನ ಜೇಬಿನಿಂದ ಹಂದಿಮಾಂಸದ ಪೈ ತೆಗೆದು ಒಂದು ತುಂಡು ಅವಳ ಮುಂದೆ ಹಾಕಿದ. ಕಣ್ಣನ್ನು ಬಿಲದಿಂದ ತೆಗೆಯದೆ ಅವಳು ಅದನ್ನು ತಿಂದಳು.